ನೋಡಿದವರ ಲೆಕ್ಕ

ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಕೊನೆಯಲ್ಲಿ ಒಂದು ಪುಟ್ಟ ವಿವರಣೆ ಇದೆ. ಹೆಣ್ಣೊಬ್ಬಳು ತನ್ನ ಖಾಸಗಿ ಚಿತ್ರ ತೆಗೆಯಲು ಒಪ್ಪಿರಬಹುದು. ಅದನ್ನು ಬೇರೆಯವರಿಗೆ ತೋರಿಸಲು ಒಪ್ಪಿಲ್ಲದಿದ್ದರೆ ಹಂಚಿದವನದು ಅಪರಾಧ ಎಂದು ಅದು ಹೇಳುತ್ತದೆ. ದೆಹಲಿಯ 2012ರ ಡಿಸೆಂಬರ್ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ, 2013ರಲ್ಲಿ, ದಂಡ ಸಂಹಿತೆಗೆ 354ಸಿ ಎಂದು ಸೇರಿದ ಕಲಮಿದು. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 77 ಆಗಿದೆ. ಮೊದಲ ಸಲದ ತಪ್ಪಿಗೆ ಒಂದರಿಂದ ಮೂರು ವರ್ಷ ಜೈಲು.

ಎಂ.ಎ. ಪತ್ರಿಕೋದ್ಯಮದ ತರಗತಿಯಲ್ಲಿ ಮಾಧ್ಯಮ ಕಾನೂನಿನ ಪಾಠ ಮಾಡುತ್ತಿದ್ದ ಮೇಷ್ಟ್ರು ಇದನ್ನು ಓದಿ, ಮುಂದಿನ ಕಲಮಿಗೆ ಹೋದರು. ನನ್ನ ಮನಸ್ಸು ಮಾತ್ರ ಅಲ್ಲಿಂದ ಕದಲಲಿಲ್ಲ. ನಾನು ಹುಟ್ಟಿ ಬೆಳೆದ ಕಡೆ ಈ ಮಾತನ್ನು ಯಾರ ಬಾಯಲ್ಲೂ ಕೇಳಿಲ್ಲ. ಅಲ್ಲಿ ಕೇಳುವುದು ಇನ್ನೊಂದೇ: ಅವಳು ಯಾಕೆ ತೆಗೆಸಿಕೊಂಡಳು? ಇಂಥ ಪ್ರಕರಣ ಹೊರಬಿದ್ದಾಗಲೆಲ್ಲ ನಮ್ಮ ಮಾತು ಇಬ್ಬರ ಸುತ್ತ ಮಾತ್ರ ಸುತ್ತುತ್ತದೆ. ಒಬ್ಬಳು ಚಿತ್ರದಲ್ಲಿರುವವಳು, ಇನ್ನೊಬ್ಬ ಚಿತ್ರವನ್ನು ಹೊರಗೆ ಬಿಟ್ಟವನು. ಈ ಇಬ್ಬರ ನಡುವೆ ಸಾವಿರಾರು ಜನ ಮೊಬೈಲ್ ಹಿಡಿದು ಕೂತಿರುತ್ತಾರೆ. ಅವರಿಲ್ಲದಿದ್ದರೆ ಆ ಚಿತ್ರಕ್ಕೆ ಯಾರ ಬದುಕನ್ನೂ ಹಾಳುಮಾಡುವ ಶಕ್ತಿ ಬರುತ್ತಿರಲಿಲ್ಲ. ಆದರೂ ಅವರ ಸುದ್ದಿ ಯಾರೂ ಎತ್ತುವುದಿಲ್ಲ.

ನನ್ನದು ಹಾಸನ ಜಿಲ್ಲೆ. 2024ರ ಏಪ್ರಿಲ್ 26ರಂದು ನಮ್ಮಲ್ಲಿ ಲೋಕಸಭೆಗೆ ಮತದಾನವಿತ್ತು. ಅದಕ್ಕೆ ಕೆಲವೇ ದಿನ ಮೊದಲು ಪೆನ್‌ಡ್ರೈವ್‌ಗಳು ಓಡಾಡತೊಡಗಿದವು. ಸಾರ್ವಜನಿಕ ಜಾಗಗಳಲ್ಲಿ ಬಿದ್ದಿದ್ದವು, ಕೈಯಿಂದ ಕೈಗೆ ಹೋದವು ಎಂದು ಪತ್ರಿಕೆಗಳು ಬರೆದವು. ಅಂದಿನ ಸಂಸದರು ಮಹಿಳೆಯರ ಮೇಲೆ ನಡೆಸಿದ ದೌರ್ಜನ್ಯದ ದೃಶ್ಯಗಳು ಅವುಗಳಲ್ಲಿದ್ದವು. ಹೆಂಗಸರ ಮುಖಗಳನ್ನು ಮಸುಕು ಮಾಡುವಷ್ಟು ಕರುಣೆಯೂ ಹಂಚಿದವರಿಗೆ ಇರಲಿಲ್ಲ. ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ಮುಖ್ಯಮಂತ್ರಿಗೆ ಪತ್ರ ಬರೆದು ತನಿಖೆಗೆ ಒತ್ತಾಯಿಸಿದರು. ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಅಷ್ಟು ಹೊತ್ತಿಗೆ ಆ ದೃಶ್ಯಗಳು ಪೆನ್‌ಡ್ರೈವ್ ದಾಟಿ ಮೊಬೈಲಿಗೆ, ಮೊಬೈಲಿನಿಂದ ಊರೂರಿಗೆ ಹೋಗಿಬಿಟ್ಟಿದ್ದವು.

ಆ ದಿನಗಳಲ್ಲೇ ನಮ್ಮ ಸೋದರತ್ತೆಯ ಮನೆಯ ಗೃಹಪ್ರವೇಶವಿತ್ತು. ಎರಡನೇ ಪಂಕ್ತಿ ಎದ್ದ ಮೇಲೆ ಬಾಳೆಲೆಯ ಕಟ್ಟು ತರಲು ನಾನು ಶಾಮಿಯಾನದ ಹಿಂದಕ್ಕೆ ಹೋದೆ. ಅಡುಗೆಯವರು ಕೊಪ್ಪರಿಗೆ ತೊಳೆಯುತ್ತಿದ್ದ ಜಾಗದ ಪಕ್ಕದಲ್ಲಿ ಐದಾರು ಜನ ಒಂದೇ ಮೊಬೈಲಿನ ಮೇಲೆ ತಲೆ ಬಾಗಿಸಿ ನಿಂತಿದ್ದರು. ಹುಡುಗರಿದ್ದರು, ಮದುವೆಯಾಗಿ ಮಕ್ಕಳಿದ್ದವರಿದ್ದರು. ನನಗೆ ಚಿಕ್ಕಂದಿನಲ್ಲಿ ಮಗ್ಗಿ ಹೇಳಿಕೊಟ್ಟ ಹಿರಿಯರೊಬ್ಬರೂ ಇದ್ದರು. ನಡುವಿನವನು ಹೆಬ್ಬೆರಳಿನಿಂದ ಪರದೆಯನ್ನು ಹಿಂದಕ್ಕೆ ಎಳೆದು, ಅದೇ ಜಾಗವನ್ನು ಮತ್ತೆ ತೋರಿಸುತ್ತಿದ್ದ. ನನ್ನನ್ನು ಕಂಡ ಕೂಡಲೇ ಮೊಬೈಲ್ ಪಂಚೆಯ ಮಡಿಕೆಗೆ ಸೇರಿತು. "ಏನಿಲ್ಲಮ್ಮ, ಎಲೆಕ್ಷನ್ ಸುದ್ದಿ" ಎಂದರು ಆ ಹಿರಿಯರು. ನಾನು ಎಲೆಯ ಕಟ್ಟು ಎತ್ತಿಕೊಂಡು ಬಂದೆ.

ಒಳಗೆ ಹೆಂಗಸರ ನಡುವೆಯೂ ಅದೇ ಮಾತು ನಡೆದಿತ್ತು. ಅವರ ಕೈಯಲ್ಲಿ ವಿಡಿಯೊ ಇರಲಿಲ್ಲ, ಆದರೆ ವಿಚಾರಣೆ ಜೋರಾಗಿತ್ತು. ಯಾವ ಊರಿನವಳಂತೆ? ಯಾರ ಮನೆಯ ಸೊಸೆಯಂತೆ? ಗಂಡನಿಗೆ ಗೊತ್ತಿತ್ತಂತೆಯೇ? ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಎರಡು ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಅಪರಾಧ. ಆ ವಾರ ಇಡೀ ಜಿಲ್ಲೆ ಆ ಗುರುತುಗಳನ್ನು ಹುಡುಕುವ ಕೆಲಸಕ್ಕೆ ಇಳಿದಿತ್ತು. ಕೆಲವು ಹೆಂಗಸರು ಮನೆಗೆ ಬೀಗ ಹಾಕಿ ಊರು ಬಿಟ್ಟರೆಂದು ಆಮೇಲೆ ವರದಿಗಳು ಬಂದವು. ಅವರು ಯಾರಿಗೆ ಹೆದರಿ ಊರು ಬಿಟ್ಟರು? ದೌರ್ಜನ್ಯ ಮಾಡಿದಾತ ಆಗ ಜರ್ಮನಿಯಲ್ಲಿದ್ದ. ಪಕ್ಕದ ಮನೆಯವರ ಕಣ್ಣಿಗೆ, ಹಾಲಿನ ಡೇರಿಯ ಸಾಲಿಗೆ, ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕೂತು ಗುರುತು ಹಿಡಿಯಬಹುದಾದವರಿಗೆ ಹೆದರಿ ಅವರು ಬಿಟ್ಟರು. ಮಹಾನಗರದಲ್ಲಾದರೆ ನೋಡಿದವರೂ ನೋಡಲ್ಪಟ್ಟವರೂ ಒಬ್ಬರಿಗೊಬ್ಬರು ಎದುರಾಗದೆ ಇರಬಹುದು. ನಮ್ಮ ಜಿಲ್ಲೆಯಲ್ಲಿ ಇಬ್ಬರೂ ಒಂದೇ ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲುತ್ತಾರೆ.

ವಿಡಿಯೊ ಇಟ್ಟುಕೊಳ್ಳುವುದು, ಹಂಚುವುದು ಶಿಕ್ಷಾರ್ಹ ಎಂದು ತನಿಖಾ ತಂಡ ಎಚ್ಚರಿಕೆ ಕೊಟ್ಟಿತು. ಸಂತ್ರಸ್ತೆಯರಿಗಾಗಿ ಸಹಾಯವಾಣಿ ತೆರೆಯಿತು. ಮೇ 30ರಂದು ಮಹಿಳಾ ಸಂಘಟನೆಗಳು, ದಲಿತ, ರೈತ, ಕಾರ್ಮಿಕ ಸಂಘಟನೆಗಳು ಹಾಸನ ಚಲೋ ನಡೆಸಿದವು. ಮುಂದಿನ ವರ್ಷ, 2025ರ ಆಗಸ್ಟ್ 1ರಂದು, ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಆ ಪ್ರಕರಣಗಳಲ್ಲಿ ಮೊದಲನೆಯದರಲ್ಲಿ ಮಾಜಿ ಸಂಸದರನ್ನು ಅಪರಾಧಿ ಎಂದು ಘೋಷಿಸಿ, ಮರುದಿನ ಜೀವನಪರ್ಯಂತ ಸೆರೆವಾಸ ವಿಧಿಸಿತು. ದೂರು ಕೊಟ್ಟಾಕೆ ಮನೆಗೆಲಸ ಮಾಡುತ್ತಿದ್ದ ಮಹಿಳೆ. ಅಷ್ಟು ದೊಡ್ಡ ಮನೆತನದ ಎದುರು ಆಕೆ ಕಟಕಟೆಯಲ್ಲಿ ನಿಂತು, ಕೊನೆಯವರೆಗೂ ಮಾತು ತಪ್ಪದೆ ಸಾಕ್ಷಿ ಹೇಳಿದರು. ಆಕೆಯ ಸೀರೆ ಸಾಕ್ಷ್ಯವಾಯಿತು. ವಿಡಿಯೊ ಕೂಡ ಸಾಕ್ಷ್ಯವಾಯಿತು.

ಈ ಕೊನೆಯ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಒಂದೇ ದೃಶ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ, ತಜ್ಞರ ಪರೀಕ್ಷೆಗೆ ಒಳಗಾಗಿ, ನ್ಯಾಯಾಧೀಶರ ಮುಂದೆ ಹೆಣ್ಣಿನ ಪರವಾಗಿ ನಿಂತಿತು. ಅದೇ ದೃಶ್ಯ ಶಾಮಿಯಾನದ ಹಿಂದೆ ಅವಳ ವಿರುದ್ಧ ನಿಂತಿತ್ತು. "ಜನ ನೋಡದಿದ್ದರೆ ಸತ್ಯ ಹೊರಗೆ ಬರುತ್ತಿತ್ತೇ?" ಎಂದು ಆಗ ಅನೇಕರು ಕೇಳಿದರು, ಈಗಲೂ ಕೇಳುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಸತ್ಯ ತನಿಖಾಧಿಕಾರಿಗೆ, ಆಯೋಗಕ್ಕೆ, ನ್ಯಾಯಾಲಯಕ್ಕೆ ತಲುಪಬೇಕಿತ್ತು. ನನ್ನ ಬಂಧುಗಳ ಪಂಚೆಯ ಮಡಿಕೆಗೆ ತಲುಪಬೇಕಾದ ಅಗತ್ಯವೇ ಇರಲಿಲ್ಲ. ಆ ಗುಂಪಿನಲ್ಲಿ ನಿಂತವರಲ್ಲಿ ಯಾರೊಬ್ಬರೂ ಆ ವಿಡಿಯೊ ನೋಡಿದ್ದರಿಂದ ಠಾಣೆಗೆ ಹೋಗಲಿಲ್ಲ, ಚಳವಳಿಗೆ ಹೋಗಲಿಲ್ಲ.

ಆ ಬೇಸಿಗೆ ಮುಗಿಯುವ ಮೊದಲೇ ನಮ್ಮ ಬಂಧುಬಳಗದಲ್ಲಿ ಒಂದು ಬದಲಾವಣೆ ಕಂಡಿತು. ಹುಡುಗಿಯರ ಮೊಬೈಲುಗಳ ಮೇಲೆ ಕಾವಲು ಬಿಗಿಯಾಯಿತು. ಹುಡುಗರ ಮೊಬೈಲುಗಳಿಗೆ ಏನೂ ಆಗಲಿಲ್ಲ.

ಚಿಕ್ಕಪ್ಪನ ಮಗಳ ವಿಷಯ ಹೇಳಬೇಕು. ಆಗ ಅವಳು ದ್ವಿತೀಯ ಪಿಯುಸಿ. ಕಾಲೇಜು ವಾರ್ಷಿಕೋತ್ಸವಕ್ಕೆ ಅಮ್ಮನ ಮೈಸೂರು ಸಿಲ್ಕ್ ಉಟ್ಟು ತೆಗೆಸಿಕೊಂಡ ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದ್ದಳು. ಕತ್ತಿನವರೆಗೂ ಪಿನ್ನು ಹಾಕಿದ ಸೆರಗು, ಮುಡಿಯಲ್ಲಿ ಕನಕಾಂಬರ. ಯಾರೋ ಆ ಫೋಟೊ ಎತ್ತಿಕೊಂಡು ಇನ್‌ಸ್ಟಾಗ್ರಾಂನಲ್ಲಿ ಅವಳ ಹೆಸರಿನ ಖಾತೆ ತೆರೆದರು. ಅವಳ ಮೊಬೈಲ್ ಸಂಖ್ಯೆ ಹಾಕಿ, ಕೆಳಗೆ ಬರೆಯಬಾರದ್ದನ್ನೆಲ್ಲ ಬರೆದರು. ಅಂದು ರಾತ್ರಿಯಿಂದ ಕರೆಗಳು ಶುರುವಾದವು.

ಚಿಕ್ಕಪ್ಪ ಮೊದಲು ಮಾಡಿದ ಕೆಲಸ ಅವಳ ಮೊಬೈಲ್ ಕಿತ್ತುಕೊಂಡದ್ದು. ಎರಡನೆಯದು ಸಿಮ್ ಮುರಿದದ್ದು. ಹತ್ತಿರದ ಠಾಣೆಗೆ ಹೋದಾಗ ಅಲ್ಲಿದ್ದವರು "ಕೇಸು ಅಂತಾದರೆ ಹುಡುಗಿಯ ಹೆಸರು ಬರುತ್ತದೆ, ನಾಳೆ ಮದುವೆ ಮಾಡಬೇಕಲ್ಲವೇ ಸ್ವಾಮಿ? ಮೊದಲು ಫೋಟೊ ಹಾಕುವುದು ಬಿಡಿಸಿ" ಎಂದು ಬುದ್ಧಿ ಹೇಳಿ ಕಳಿಸಿದರು. ನಾನೂ ಅವಳ ಗೆಳತಿಯರೂ ಸೇರಿ ಇನ್‌ಸ್ಟಾಗ್ರಾಂಗೆ ಮೇಲಿಂದ ಮೇಲೆ ದೂರು ಕೊಟ್ಟು ಖಾತೆ ತೆಗೆಸಿದೆವು. ಮಾಡಿದವನು ಅವಳ ಟ್ಯೂಷನ್ನಿನ ಹುಡುಗನೇ ಎಂದು ಗೊತ್ತಾದ ಮೇಲೆ ಊರಿನ ಹಿರಿಯರು ಕೂತರು. ಹುಡುಗನ ತಂದೆ ಕೈಮುಗಿದರು. ಮುಚ್ಚಳಿಕೆ ಬರೆಸಿಕೊಂಡರು, ರಾಜಿಯಾಯಿತು. ಪಂಚಾಯಿತಿಗೆಂದು ತರಿಸಿ ಜಗಲಿಯ ಮೇಲೆ ಇಟ್ಟಿದ್ದ ಅವನ ಮೊಬೈಲನ್ನು, ಎದ್ದು ಹೋಗುವಾಗ ಅವನ ಕೈಗೇ ಕೊಟ್ಟರು. ಅವಳದು ಇವತ್ತಿಗೂ ಚಿಕ್ಕಪ್ಪನ ಬೀರುವಿನಲ್ಲಿದೆ.

ಖಾತೆ ತೆಗೆಸುವ ಮುಂಚೆ ನಾನು ಅದನ್ನು ತೆರೆದು, ಪುರಾವೆಗೆಂದು ಚಿತ್ರ ತೆಗೆದಿಟ್ಟುಕೊಂಡಿದ್ದೆ. ಹಿಂಬಾಲಿಸಿದವರಲ್ಲಿ ನಮ್ಮ ಊರಿನವರಿದ್ದರು, ಅವಳ ಕಾಲೇಜಿನವರಿದ್ದರು. ಅದು ಅವಳು ತೆರೆದ ಖಾತೆಯಲ್ಲವೆಂದು ತಿಳಿಯಲು ಯಾರಿಗೂ ಕಷ್ಟವಿರಲಿಲ್ಲ. ಆ ಪಟ್ಟಿಯನ್ನು ರಾಜಿ ಪಂಚಾಯಿತಿಯ ಮುಂದೆ ಇಡಬೇಕೆಂದು ನಾನು ಹೇಳಿದಾಗ "ಅದೆಲ್ಲ ಬೇಡಮ್ಮ, ಊರಲ್ಲಿ ಬಾಳಬೇಕು" ಎಂದರು. ತಪ್ಪು ಒಬ್ಬ ಹುಡುಗನದಾಗಿ ಉಳಿಯಿತು, ಶಿಕ್ಷೆ ಒಬ್ಬ ಹುಡುಗಿಗಾಯಿತು, ನೋಡಿ ನಕ್ಕವರು ಎಂದಿನಂತೆ ಸಂಜೆ ವಾಲಿಬಾಲ್ ಆಡಿದರು.

ಮೊಬೈಲ್ ಇಲ್ಲದಿದ್ದರೆ ಏನಂತೆ ಎಂದು ಕೇಳುವವರು ಇದ್ದಾರೆ. ಅವಳೀಗ ಬಿ.ಕಾಂ. ಪಾಠದ ಟಿಪ್ಪಣಿಗಳು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತವೆ. ಪರೀಕ್ಷೆಗೆ ಅರ್ಜಿ, ಫಲಿತಾಂಶ ಎಲ್ಲ ವಿಶ್ವವಿದ್ಯಾಲಯದ ಜಾಲತಾಣ ಯುಯುಸಿಎಂಎಸ್‌ನಲ್ಲಿ. ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಪೋರ್ಟಲಿನಲ್ಲಿ. ಪ್ರತಿಯೊಂದಕ್ಕೂ ಒಟಿಪಿ ಬೇಕು, ಒಟಿಪಿ ಬರುವುದು ಅವಳ ತಮ್ಮನ ಮೊಬೈಲಿಗೆ. ಅವನು ಕ್ರಿಕೆಟ್ ಆಡಲು ಹೋಗಿದ್ದರೆ ಇವಳ ಅರ್ಜಿ ನಿಲ್ಲುತ್ತದೆ. ವಿದ್ಯಾರ್ಥಿವೇತನ ಜಮೆಯಾದದ್ದು ಅವನಿಗೆ ಮೊದಲು ತಿಳಿಯುತ್ತದೆ. ಅಕ್ಕ ಯಾವ ಕೋರ್ಸಿಗೆ ಅರ್ಜಿ ಹಾಕಿದಳು, ಯಾವ ಕೆಲಸಕ್ಕೆ ನೋಂದಾಯಿಸಿದಳು ಎಂಬುದು ಅವನ ಕಣ್ಣು ತಪ್ಪಿಸಿ ನಡೆಯುವಂತಿಲ್ಲ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ಶೇ 54ರಷ್ಟು. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ಶೇ 33, ಗಂಡಸರು ಶೇ 57. ಈ ಅಂತರವನ್ನು ಬಡತನದ, ಅನಕ್ಷರತೆಯ ಲೆಕ್ಕಕ್ಕೆ ಮಾತ್ರ ಬರೆದುಬಿಡುವ ಅಭ್ಯಾಸ ನಮ್ಮ ಪಠ್ಯಗಳಲ್ಲಿದೆ. ಆದರೆ ಚಿಕ್ಕಪ್ಪ ಬಡವರೂ ಅಲ್ಲ, ಅನಕ್ಷರಸ್ಥರೂ ಅಲ್ಲ. ಮಗಳ ಮೇಲೆ ಅವರಿಗಿರುವ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಹೆದರಿದ ಪ್ರೀತಿ ಅದು. ಹೊರಗಿನವರನ್ನು ಪ್ರಶ್ನಿಸುವ ದಾರಿ ಕಾಣದೆ ಕೈಗೆ ಸಿಕ್ಕ ಮಗಳ ಮೇಲೆ ಬಾಗಿಲು ಹಾಕಿತು.

ನಮ್ಮ ಅಮ್ಮ ಸಂಜೀವಿನಿ ಒಕ್ಕೂಟದ ಮಹಿಳಾ ಸ್ವಸಹಾಯ ಸಂಘದಲ್ಲಿದ್ದಾರೆ. ಸಂಘದ ಗುಂಪಿನಲ್ಲಿ ಎಲ್ಲರ ಡಿಪಿಗಳನ್ನು ಒಮ್ಮೆ ನೋಡುತ್ತಾ ಹೋದೆ: ದಾಸವಾಳ, ಧರ್ಮಸ್ಥಳದ ಮಂಜುನಾಥ, ರಂಗೋಲಿ, ಮೊಮ್ಮಗು, ಮತ್ತೆ ದಾಸವಾಳ. ಸ್ವಂತ ಮುಖ ಹಾಕಿದವರು ಲೆಕ್ಕ ಪುಸ್ತಕ ಬರೆಯುವಾಕೆ ಒಬ್ಬರೇ. ಸಾಲದ ಕಂತು, ಸಭೆಯ ನಡಾವಳಿ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಮೊಬೈಲಿನಲ್ಲೇ ನಿಭಾಯಿಸುವ ಈ ಹೆಂಗಸರು ತಮ್ಮ ಮುಖವನ್ನು ಮಾತ್ರ ಅದರಿಂದ ಹೊರಗಿಟ್ಟಿದ್ದಾರೆ. ಫೋಟೊ ಹಾಕಬೇಡಿ ಎಂದು ಅವರಿಗೆ ಯಾರೂ ಆದೇಶ ಕೊಟ್ಟಿರಲಿಕ್ಕಿಲ್ಲ. ಕೊಡುವ ಅಗತ್ಯವೂ ಇಲ್ಲದಂತೆ ಆಗಿದೆ.

ಫೋಟೊ ಹಾಕದಿದ್ದರೆ ಕ್ಷೇಮ ಎಂಬ ಮಾತಿಗೂ ಈಗ ಬೆಲೆ ಉಳಿದಿಲ್ಲ. 2023ರ ನವೆಂಬರ್‌ನಲ್ಲಿ ಕೊಡಗು ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೊ ದೇಶವನ್ನೆಲ್ಲ ಸುತ್ತಿತು. ಬ್ರಿಟನ್‌ನಲ್ಲಿರುವ ಭಾರತ ಮೂಲದ ಇನ್ನೊಬ್ಬ ಯುವತಿ ತನ್ನ ಖಾತೆಯಲ್ಲಿ ಹಾಕಿಕೊಂಡಿದ್ದ ವಿಡಿಯೊಗೆ ಇವರ ಮುಖ ಅಂಟಿಸಲಾಗಿತ್ತು. ಅನ್ಯಾಯ ಇಬ್ಬರಿಗಾಗಿತ್ತು. ಒಬ್ಬಳ ಮುಖವನ್ನು ಕದ್ದಿದ್ದರು, ಇನ್ನೊಬ್ಬಳ ದೇಹವನ್ನು ಕದ್ದಿದ್ದರು. ಎರಡನೆಯವಳೂ ನೊಂದು ಬರೆದುಕೊಂಡಳು. ನಮ್ಮ ವಾಹಿನಿಗಳಲ್ಲಿ ಅವಳಿಗೆ ಸಿಕ್ಕ ಜಾಗ ತೀರಾ ಕಡಿಮೆ. ಮುಂದಿನ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಗುಂಟೂರಿನಲ್ಲಿ ಒಬ್ಬ ಯುವಕನನ್ನು ಬಂಧಿಸಿದರು. ಪೊಲೀಸರು ಹೇಳಿದ ಪ್ರಕಾರ ಅವನು ನಟಿಯ ಅಭಿಮಾನಿ ಪುಟ ನಡೆಸುತ್ತಿದ್ದ, ಹಿಂಬಾಲಕರನ್ನು ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದ್ದ. ಹಿಂಬಾಲಕರು ಹೆಚ್ಚಿದರು ಕೂಡ. ದ್ವೇಷಕ್ಕೆ ಮಾಡಿದ್ದಲ್ಲ, ಸೇಡಿಗೆ ಮಾಡಿದ್ದಲ್ಲ. ನೋಡುವವರು ಬರುತ್ತಾರೆ ಎಂಬ ಖಾತರಿಯಿಂದ ಮಾಡಿದ್ದು. ಆ ಖಾತರಿಯನ್ನು ಅವನಿಗೆ ಕೊಟ್ಟವರು ಯಾರು?

ಇದೇ ಪ್ರಶ್ನೆ ನನ್ನ ಓದಿನ ಕಡೆಗೂ ತಿರುಗುತ್ತದೆ. ಇಂಟರ್ನ್‌ಶಿಪ್‌ಗೆಂದು ಒಂದು ಸುದ್ದಿ ಜಾಲತಾಣದ ಕಚೇರಿಯಲ್ಲಿ ಕೆಲಸ ಮಾಡಿದೆ. ಗೋಡೆಯ ಮೇಲೆ ದೊಡ್ಡ ಪರದೆ. ಈ ಕ್ಷಣ ಯಾವ ಸುದ್ದಿಯನ್ನು ಎಷ್ಟು ಜನ ಓದುತ್ತಿದ್ದಾರೆ ಎಂಬ ಸಂಖ್ಯೆ ಅದರಲ್ಲಿ ಸದಾ ಕದಲುತ್ತಿತ್ತು. ಅಂಗನವಾಡಿ ಕಾರ್ಯಕರ್ತೆಯರ ಧರಣಿಯ ಬಗ್ಗೆ ನಾನು ಮಾತಾಡಿಸಿ, ಓಡಾಡಿ ಬರೆದ ವರದಿ ಪಟ್ಟಿಯ ತಳದಲ್ಲಿ ಹೆಚ್ಚು ಹೊತ್ತೂ ನಿಲ್ಲದೆ ಮರೆಯಾಯಿತು. ಅದೇ ಮಧ್ಯಾಹ್ನ ಕಿರುತೆರೆ ನಟಿಯೊಬ್ಬರದು ಎನ್ನಲಾದ ನಕಲಿ ವಿಡಿಯೊದ ಸುದ್ದಿ ಬಂತು. ಶೀರ್ಷಿಕೆಯಲ್ಲಿ "ಖಾಸಗಿ ವಿಡಿಯೊ" ಮೊದಲು ಬರಲಿ, "ನಕಲಿ" ಎಂಬುದು ಒಳಗೆ ಬರಲಿ ಎಂದು ಸುದ್ದಿ ಮೇಜಿನ ಹಿರಿಯರು ಹೇಳಿದರು. ಸಂಖ್ಯೆ ಕಣ್ಣೆದುರಿಗೇ ಏರಿತು. ನಾನು ಆಕ್ಷೇಪಿಸಿದಾಗ ಅವರು ಸಿಟ್ಟಾಗಲಿಲ್ಲ. "ಜನ ಏನು ನೋಡುತ್ತಾರೋ ಅದನ್ನು ಕೊಡುತ್ತೇವಮ್ಮ, ನಿನ್ನ ಸ್ಟೈಪೆಂಡ್ ಬರುವುದೂ ಅದರಿಂದಲೇ" ಎಂದರು.

ಅಂದರೆ ನೋಡಿದವರ ಲೆಕ್ಕ ಇಡುವ ಜಾಗವೂ ಒಂದಿದೆ. ಎಷ್ಟು ಜನ, ಯಾವ ಊರಿನಿಂದ, ಎಷ್ಟು ಹೊತ್ತು ನೋಡಿದರೆಂದು ಅಲ್ಲಿ ತಲೆ ಎಣಿಸುತ್ತಾರೆ, ಜಾಹೀರಾತಿನ ದರ ನಿಗದಿಯಾಗುವುದು ಅದರ ಮೇಲೆಯೇ. ನಷ್ಟ ಅನುಭವಿಸಿದ ಹೆಣ್ಣಿನ ಮುಂದೆ ಅದೇ ಸಂಖ್ಯೆಯನ್ನು ಇಟ್ಟು, ಇದಕ್ಕೆ ಯಾರು ಹೊಣೆ ಎಂದು ಕೇಳುವ ಜಾಗ ಮಾತ್ರ ನಮ್ಮಲ್ಲಿಲ್ಲ.

ಕರ್ನಾಟಕದಲ್ಲಿ ನೋಡಿದವರು ಉತ್ತರ ಕೊಡಬೇಕಾಗಿ ಬಂದ ಒಂದು ಪ್ರಸಂಗ ಇದೆ. 2012ರ ಫೆಬ್ರುವರಿಯಲ್ಲಿ, ವಿಧಾನಸಭೆಯ ಅಧಿವೇಶನ ನಡೆಯುತ್ತಿರುವಾಗಲೇ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದು ಸುದ್ದಿವಾಹಿನಿಯ ಕ್ಯಾಮೆರಾಕ್ಕೆ ಸಿಕ್ಕಿತು. ಮರುದಿನವೇ ಮೂವರು ಸಚಿವರ ರಾಜೀನಾಮೆಯಾಯಿತು. ಆಗ ನಾನು ಚಿಕ್ಕವಳು. ಈಗ ಅಂದಿನ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ತೆಗೆದು ಓದಿದರೆ ಚರ್ಚೆಯೆಲ್ಲ ಸದನದ ಘನತೆಯ ಬಗ್ಗೆ. ಅದೇ ಮೊಬೈಲನ್ನು ಅವರು ಮನೆಯಲ್ಲಿ ಕೂತು ನೋಡಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಆ ಮೂವರಲ್ಲಿ ಒಬ್ಬರು 2019ರಲ್ಲಿ ಉಪಮುಖ್ಯಮಂತ್ರಿಯಾದರು.

ಕಾನೂನು ಮಕ್ಕಳ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳನ್ನು ಸುಮ್ಮನೆ ನೋಡುವುದು ಅಪರಾಧವಲ್ಲ ಎಂದಿದ್ದ ಮದ್ರಾಸ್ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಅಂಥ ದೃಶ್ಯಗಳನ್ನು ನೋಡುವುದು, ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದು ಶಿಕ್ಷಾರ್ಹ ಎಂದಿತು. ದೊಡ್ಡವರ ವಿಷಯದಲ್ಲಿ ಪೊಲೀಸರು ಮನೆಮನೆಗೆ ನುಗ್ಗಿ ಮೊಬೈಲ್ ತಪಾಸಣೆ ಮಾಡಲಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಶುರುವಾದರೆ ಮೊದಲು ತಪಾಸಣೆಯಾಗುವುದು ಮತ್ತೆ ಹುಡುಗಿಯರ ಮೊಬೈಲೇ. ನಾನು ಕೇಳುತ್ತಿರುವುದು ಮನೆಯೊಳಗಿನ, ತರಗತಿಯೊಳಗಿನ ಮಾತಿನ ಬದಲಾವಣೆ.

ಅದು ಆಗದ ಕೆಲಸವೇನಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದಿತು. ದೇಶದ ಬೇರೆ ಕಡೆಯೂ ಇಂಥ ಕೊಲೆಗಳಾಗಿದ್ದವು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ಮಿತಿ ಹಾಕಿತು. ಮಿತಿಗಿಂತ ಹೆಚ್ಚಾಗಿ, ಒಂದು ಫಾರ್ವರ್ಡ್ ಜೀವ ತೆಗೆಯಬಲ್ಲದು ಎಂಬ ತಿಳಿವಳಿಕೆ ಆಮೇಲೆ ಜನರಲ್ಲಿ ಮೂಡಿತು. ನಮ್ಮ ಕುಟುಂಬದ ಗುಂಪಿನಲ್ಲೇ ಈಗ ಯಾರಾದರೂ ಮಕ್ಕಳ ಕಳ್ಳರ ಸಂದೇಶ ಹಾಕಿದರೆ "ಖಚಿತ ಮಾಡಿಕೊಂಡು ಹಾಕಿ" ಎಂದು ದೊಡ್ಡಪ್ಪನೇ ಗದರುತ್ತಾರೆ. ಹೆಣ್ಣಿನ ವಿಡಿಯೊ ಬಂದಾಗಲೂ ಅದೇ ದೊಡ್ಡಪ್ಪ, ಅದೇ ದನಿಯಲ್ಲಿ ಯಾಕೆ ಗದರಬಾರದು?

ದೊಡ್ಡಪ್ಪನ ಮಗನ ಹತ್ತಿರ ಇದನ್ನು ನೇರವಾಗಿ ಮಾತಾಡಿದ್ದೇನೆ. ಶಾಮಿಯಾನದ ಹಿಂದೆ ನಿಂತಿದ್ದವರಲ್ಲಿ ಅವನೂ ಇದ್ದ. "ನಾನು ಯಾರಿಗೂ ಕಳಿಸಲಿಲ್ಲ, ನೋಡಿದೆ ಅಷ್ಟೇ" ಎಂದ.

"ನಿನಗೆ ಹೇಗೆ ಸಿಕ್ಕಿತಣ್ಣ?"

"ಕೇಳಿದೆ, ಕಳಿಸಿದರು."

"ನಿನ್ನ ಹಾಗೆ ಕೇಳಿದವರು ಇದ್ದದ್ದರಿಂದ ತಾನೇ ಅವರು ಕಳಿಸಿದ್ದು?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ನೋಡುತ್ತಿದ್ದರು, ನಾನೊಬ್ಬ ನೋಡದಿದ್ದರೆ ಏನಾಗುತ್ತಿತ್ತು?" ಎಂದ. ಕೆಟ್ಟ ಹುಡುಗನಲ್ಲ ಅವನು. ಅಕ್ಕನ ಹೆರಿಗೆಗೆ ರಾತ್ರಿಯಿಡೀ ಆಸ್ಪತ್ರೆಯ ವರಾಂಡದಲ್ಲಿ ಕೂತವನು. ಆ ವಿಡಿಯೊದಲ್ಲಿ ಅಳುತ್ತಿದ್ದ ಹೆಂಗಸು ಕಂಡಳೇ ಎಂದು ಕೇಳಿದೆ. ಅವನು ಉತ್ತರ ಕೊಡಲಿಲ್ಲ. ನನಗೆ ಭಯವಾದದ್ದು ಆ ಮೌನಕ್ಕಲ್ಲ. ಅಳು ಕೇಳಿಸಿಕೊಂಡೂ ನೋಡುವುದನ್ನು ನಿಲ್ಲಿಸದಂತೆ ಒಬ್ಬ ಒಳ್ಳೆಯ ಹುಡುಗನನ್ನು ನಾವು ಬೆಳೆಸಿದ್ದೇವಲ್ಲ, ಅದಕ್ಕೆ.

ಹುಡುಗಿಯರಿಗೆ ಸಹಾಯಕ್ಕೆ ದಾರಿಗಳು ಇಲ್ಲವೆಂದಲ್ಲ. ಅವು ಗೊತ್ತಿರಬೇಕು. ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ, ಸೈಬರ್ ಅಪರಾಧದ 1930 ಸಹಾಯವಾಣಿ ಇದೆ, ಕೇಂದ್ರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಹಿಳೆಯರು ಹೆಸರು ಹೇಳದೆಯೂ ದೂರು ಕೊಡಬಹುದು. ಖಾಸಗಿ ಚಿತ್ರದ ಬಗ್ಗೆ ದೂರು ಬಂದರೆ ಜಾಲತಾಣಗಳು 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ನಿಯಮವೇ ಹೇಳಿತ್ತು. ಬ್ರಿಟನ್ನಿನ ಸಂಸ್ಥೆಯೊಂದು 2021ರ ಕೊನೆಯಲ್ಲಿ ಶುರುಮಾಡಿದ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ವ್ಯವಸ್ಥೆಯೂ ಇದೆ. ಅಲ್ಲಿ ದೂರು ಕೊಡುವಾಗ ಚಿತ್ರ ನಮ್ಮ ಮೊಬೈಲ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ತಾಣಗಳು ಆ ಸಂಕೇತಕ್ಕೆ ಹೊಂದುವ ಚಿತ್ರ ಬಂದರೆ ತಡೆಯುತ್ತವೆ. ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗಬಾರದು ಎಂದು ಒಬ್ಬ ತಂದೆ ಬೇಡಿಕೊಂಡಾಗ ನಮ್ಮ ಕರ್ನಾಟಕ ಹೈಕೋರ್ಟ್ 2017ರಲ್ಲೇ ಅದನ್ನು ಒಪ್ಪಿ, ತನ್ನ ಆದೇಶದಲ್ಲಿ ಆಕೆಯ ಹೆಸರು ಕಾಣದಂತೆ ನೋಡಿಕೊಳ್ಳಲು ಕಚೇರಿಗೆ ಸೂಚಿಸಿತು. ಮರೆಯಲ್ಪಡುವ ಹಕ್ಕಿನ ಬಗ್ಗೆ ದೇಶದಲ್ಲಿ ಮಾತು ಶುರುವಾದ ದಿನಗಳು ಅವು.

ಆದರೆ ಪೆನ್‌ಡ್ರೈವ್‌ಗೆ ಇಂಥ ಯಾವ ಕಾವಲೂ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವ ಸಂದೇಶವನ್ನು ಕಂಪನಿಯೂ ಓದಲಾರದು. ಹಾಗಿರುವುದು ಒಳ್ಳೆಯದೇ, ಹೆಣ್ಣುಮಕ್ಕಳ ಎಷ್ಟೋ ದುಃಖದ ಮಾತುಗಳು ಆ ಗುಟ್ಟಿನಲ್ಲೇ ಕ್ಷೇಮವಾಗಿವೆ. ಅಲ್ಲಿ ತಡೆಯುವ ಶಕ್ತಿ ಇರುವುದು ತೆರೆಯುವವನ ಕೈಗೆ ಮಾತ್ರ.

ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಹತ್ತಿರ ಮತ್ತೆ ಮಾತಾಡುತ್ತೇನೆ. ಕಳೆದ ಸಲ ದನಿ ಏರಿಸಿದೆನೆಂದು ಅಪ್ಪ ಬೇಸರ ಮಾಡಿಕೊಂಡಿದ್ದರು, ಆದ್ದರಿಂದ ಈ ಸಲ ಸಮಾಧಾನವಾಗಿ ಕೂತು ಹೇಳಬೇಕು. ತಂಗಿಗೆ ಅವಳ ಹೆಸರಿನಲ್ಲೇ ಹೊಸ ಸಿಮ್ ಆಗಬೇಕು. ಯುಯುಸಿಎಂಎಸ್‌ನಲ್ಲೂ ಬ್ಯಾಂಕಿನಲ್ಲೂ ಆ ಸಂಖ್ಯೆಯೇ ನೋಂದಣಿಯಾಗಬೇಕು. ಬೀಗದ ಕೈ ಚಿಕ್ಕಮ್ಮನ ಸೊಂಟದಲ್ಲಿರುತ್ತದೆ, ಚಿಕ್ಕಮ್ಮ ಒಪ್ಪಿದ್ದಾರೆ. ಖಾತೆಯನ್ನು ಹಿಂಬಾಲಿಸಿದವರ ಪಟ್ಟಿ ನನ್ನ ಹತ್ತಿರ ಇನ್ನೂ ಇದೆ. ಅದನ್ನು ಮುದ್ರಿಸಿಕೊಂಡು ಹೋಗುತ್ತಿದ್ದೇನೆ. ಬೀರುವಿನಿಂದ ಮೊಬೈಲ್ ತೆಗೆಯುವ ಮೊದಲು ಚಿಕ್ಕಪ್ಪ ಅದನ್ನೊಮ್ಮೆ ಓದಲಿ. ಅದರಲ್ಲಿ ಅವರ ಜೊತೆ ದಿನಾ ಸಂಜೆ ಅರಳಿಕಟ್ಟೆಯಲ್ಲಿ ಕೂರುವವರ ಮಕ್ಕಳ ಹೆಸರುಗಳಿವೆ.